ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬೇಡಿ: ಊರಲ್ಲೇ ಇದ್ದು ಬರೆಯುವವರಿಗೆ

"ಸರ್, ನಮ್ಮ ಮನೇಲಿ ತೆಲುಗು. ಹೊರಗಡೆ ಆಡೋ ಕನ್ನಡಾನೂ ಅಷ್ಟಕ್ಕಷ್ಟೆ. ನಾನು ಕಥೆ ಬರೆದರೆ ನಡೆಯುತ್ತಾ?"

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯೊಬ್ಬಳು ಹೀಗೆ ಕೇಳಿದಳು. ಬ್ಯಾಗಿನಲ್ಲಿ ಕಥೆ ಬರೆದ ನೋಟ್‌ಬುಕ್ ಇತ್ತು. ಅರ್ಧ ಹೊರಗೆ ತೆಗೆದು ಮತ್ತೆ ಒಳಗೆ ಇಟ್ಟುಕೊಂಡಳು. ಅಷ್ಟರಲ್ಲಿ ಅವಳ ಬಸ್ ಬಂತು. ಅವಳಿಗೆ ಹೇಳಬೇಕಿದ್ದುದು ಬಾಯಲ್ಲೇ ಉಳಿಯಿತು. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥ ನೋಟ್‌ಬುಕ್ ಬಚ್ಚಿಟ್ಟುಕೊಂಡವರು ಬಹಳ ಜನ ಇದ್ದಾರೆ.

ನಡೆಯುತ್ತೆ. ಚೆನ್ನಾಗೇ ನಡೆಯುತ್ತೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಸರ್ಕಾರಿ ನೌಕರಿ ಮಾಡುತ್ತಲೇ ಕನ್ನಡದಲ್ಲಿ ಕಥೆ ಬರೆದರು. 1983ರ ಜ್ಞಾನಪೀಠ ಅವರಿಗೆ ಬಂತು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಪಾಸಾಗಲಿಲ್ಲ. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ತೆಲುಗಿನಲ್ಲೂ ಹಾಡು ಕಟ್ಟಿದರು, ಕನ್ನಡದಲ್ಲೂ ಕಟ್ಟಿದರು. ಅವರು ಊರೂರು ತಿರುಗಿ ಬಳೆ ಮಾರುತ್ತಿದ್ದವರು. ನಮ್ಮ ಈ ಮಣ್ಣಿನಲ್ಲಿ ಒಂದೇ ಭಾಷೆಯ ಮನೆ ಸಿಗುವುದೇ ಕಷ್ಟ. ಅದನ್ನು ಕೊರತೆ ಅಂದುಕೊಳ್ಳುವುದನ್ನು ಮೊದಲು ಬಿಡಿ. ಎರಡು ಭಾಷೆ ಕೇಳಿಕೊಂಡು ಬೆಳೆದ ಕಿವಿ ನಿಮ್ಮ ದೊಡ್ಡ ಆಸ್ತಿ.

ಮೊದಲು ಕಿವಿಗೆ ಕೆಲಸ ಕೊಡಿ

ಜೇಬಿನಲ್ಲಿ ಹಿಡಿಸುವ ಒಂದು ಸಣ್ಣ ಪುಸ್ತಕ ತೊಗೊಳ್ಳಿ. ದಿನಕ್ಕೆ ಒಂದು ಮಾತು ಬರೆದುಕೊಳ್ಳಿ. ನಿಮ್ಮ ಸ್ವಂತ ಮಾತಲ್ಲ, ಕಿವಿಗೆ ಬಿದ್ದ ಮಾತು. ಯಾರು ಆಡಿದರೋ ಅವರ ಬಾಯಿಂದ ಬಂದ ಹಾಗೇ, ತಿದ್ದದೆ ಬರೆಯಿರಿ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವವರ ಪಕ್ಕ ಅರ್ಧ ಗಂಟೆ ನಿಂತುಕೊಳ್ಳಿ. ಹದಿನೈದು ಕೆ.ಜಿ. ಬಾಕ್ಸಿನ ಬೆಲೆ ಏರುವಾಗ ರೈತನ ಮಾತು ಒಂದು ಥರ, ಇಳಿಯುವಾಗ ಇನ್ನೊಂದು ಥರ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಹೊರಗೆ ಬರುವವರನ್ನು ಊರಿನವರು ಕೇಳುವ ಮೊದಲ ಮಾತು, "ಗೂಡು ಎಂತಕಿ ಪೋಯಿಂದಿ?" ಅಂತ. ಎಷ್ಟಕ್ಕೆ ಹೋಯಿತು ಅಂತ ತೆಲುಗಿನಲ್ಲಿ ಕೇಳಿದ್ದಕ್ಕೆ ಉತ್ತರ ಬರುವುದು ಕನ್ನಡದಲ್ಲಿ. ಬೈಗುಳ ಮತ್ತೆ ತೆಲುಗಿಗೆ ಹೋಗುತ್ತದೆ. ಜನ ಯಾವ ಹೊತ್ತಿನಲ್ಲಿ ಯಾವ ಭಾಷೆಗೆ ಹೊರಳುತ್ತಾರೆ ಅನ್ನುವುದನ್ನು ಗಮನಿಸಿ. ಪ್ರೀತಿಗೆ ಯಾವುದು, ಲೆಕ್ಕಕ್ಕೆ ಯಾವುದು, ಸಾವಿನ ಮನೆಯಲ್ಲಿ ಯಾವುದು? ಇದನ್ನು ಕೂತು ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಕೇಳಿಯೇ ತಿಳಿಯಬೇಕು.

ಆರು ತಿಂಗಳಲ್ಲಿ ನೂರೆಂಬತ್ತು ಮಾತು ಸೇರುತ್ತವೆ. ಅದರಲ್ಲಿ ಹತ್ತು ನಿಮ್ಮನ್ನು ಬಿಡುವುದಿಲ್ಲ. ಆ ಹತ್ತರಿಂದ ಕಥೆ ಶುರು ಮಾಡಿ.

ಜೊತೆಗೆ ಓದು. ಓದದೆ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೊಳ್ಳಲು ದುಡ್ಡಿಲ್ಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಇಷ್ಟವಾದ ಕಥೆಯನ್ನು ಎರಡು ಸಲ ಓದಿ. ಮೊದಲ ಸಲ ಕಥೆಗಾಗಿ. ಎರಡನೇ ಸಲ, ಅವರು ಎಲ್ಲಿ ಶುರು ಮಾಡಿದರು, ಏನನ್ನು ಹೇಳದೆ ಬಿಟ್ಟರು ಅಂತ ನೋಡುವುದಕ್ಕಾಗಿ.

ಹೊತ್ತು ಗೊತ್ತು ಮಾಡಿ, ಕರಡು ಮುಗಿಸಿ

ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ಅದೇ ಅರ್ಧ ಗಂಟೆ ಇರಬೇಕು. ನಮ್ಮ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದೆವು. ಹಾಗಾಗಿ ನಾನು ರಾತ್ರಿ ಊಟದ ನಂತರ ಬರೆಯುತ್ತಿದ್ದೆ. ಬೆಂಗಳೂರಿಗೆ ದಿನಾ ಓಡಾಡುವವರು ಬಸ್ಸಿನಲ್ಲಿ, ರೈಲಿನಲ್ಲಿ ಫೋನಿನಲ್ಲೇ ಬರೆಯುತ್ತಾರೆ. ಕೈ ನೋವಾದರೆ ಫೋನಿಗೆ ಮಾತಾಡಿ, ಅದೇ ಕನ್ನಡದಲ್ಲಿ ಟೈಪ್ ಮಾಡಿಕೊಳ್ಳುತ್ತದೆ. ಸಂಭಾಷಣೆ ಬರೆಯಲು ಈ ದಾರಿ ತುಂಬಾ ಒಳ್ಳೆಯದು. ಬಾಯಿಂದ ಬಂದ ಮಾತು ಬಾಯಿಮಾತಿನ ಹಾಗೇ ಇರುತ್ತದೆ.

ಮೊದಲ ಕರಡು ಕೆಟ್ಟದಾಗಿರಲಿ, ಮುಗಿಯಲಿ. ಮೊದಲ ಪುಟವನ್ನು ಇಪ್ಪತ್ತು ಸಲ ತಿದ್ದುತ್ತಾ ಎರಡನೇ ಪುಟಕ್ಕೆ ಹೋಗದವರನ್ನು ಬೇಕಾದಷ್ಟು ನೋಡಿದ್ದೇನೆ. ಕೊನೆ ಸಾಲು ಬರೆಯುವವರೆಗೆ ನಿಮ್ಮ ಕಥೆ ಏನು ಅಂತ ನಿಮಗೇ ಗೊತ್ತಿರುವುದಿಲ್ಲ.

ಜ್ವರ

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಹುಳ ಚಾಕಿಯಿಂದ, ಅಂದರೆ ಮರಿಯಾಗಿದ್ದಾಗಿನಿಂದ, ಗೂಡು ಕಟ್ಟಲು ಹಣ್ಣಾಗುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ತಿನ್ನುವುದಿಲ್ಲ. ಗೊತ್ತಿಲ್ಲದವರಿಗೆ ಹುಳ ಸತ್ತೇ ಹೋಯಿತು ಅನ್ನಿಸಬೇಕು. ಆಗ ಸೊಪ್ಪು ಹಾಕಬಾರದು. ಅದನ್ನು ಮುಟ್ಟಲೂಬಾರದು. ಅದರ ಪಾಡಿಗೆ ಅದನ್ನು ಬಿಟ್ಟರೆ ಹಳೇ ಚರ್ಮ ಬಿಟ್ಟು ದೊಡ್ಡದಾಗಿ ಏಳುತ್ತದೆ. ಮೊದಲ ಸಲ ಹುಳ ಸಾಕಿದ ಹುಡುಗರು ಇಲ್ಲೇ ಎಡವುತ್ತಾರೆ. ಹಸಿದಿದೆ ಅಂದುಕೊಂಡು ಸೊಪ್ಪು ಸುರಿಯುತ್ತಾರೆ. ಅದು ತೇವ ಹಿಡಿದು ಹುಳಕ್ಕೆ ರೋಗ ತರುತ್ತದೆ.

ಕಥೆಯ ಕರಡು ಪ್ರತಿಗೂ ಈ ಜ್ವರ ಬೇಕು. ಮುಗಿದ ದಿನವೇ ತಿದ್ದಲು ಕೂರಬೇಡಿ, ಅವತ್ತೇ ಯಾರಿಗೂ ಕಳಿಸಬೇಡಿ. ಸಣ್ಣಕಥೆಯಾದರೆ ಎರಡು ವಾರ ಬೀರುವಿನಲ್ಲಿಡಿ, ಕಾದಂಬರಿಯಾದರೆ ಎರಡು ತಿಂಗಳು. ನಡುವೆ ತೆಗೆದು ನೋಡಬಾರದು. ಅಷ್ಟು ದಿನ ಬೇರೆಯದನ್ನು ಬರೆಯಿರಿ. ಬರೆದ ಬಿಸಿಯಲ್ಲಿ ಎಲ್ಲ ಸಾಲೂ ಚಿನ್ನದ ಹಾಗೆ ಕಾಣುತ್ತವೆ. ಆರಿದ ಮೇಲೆ ಯಾವುದು ಪೊರೆ, ಯಾವುದು ಮೈ ಅಂತ ಕಣ್ಣಿಗೆ ಕಾಣುತ್ತದೆ.

ಎದ್ದ ಮೇಲೆ ಗಟ್ಟಿಯಾಗಿ ಓದಿ

ಮಾರುಕಟ್ಟೆಯಲ್ಲಿ ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಯುವವರು, ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀವೂ ಪ್ರತಿ ಸಾಲನ್ನು ಕಿವಿ ಹತ್ತಿರ ಹಿಡಿಯಬೇಕು. ಬಾಗಿಲು ಹಾಕಿಕೊಂಡು ಇಡೀ ಕಥೆಯನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನಿಮ್ಮ ದನಿ ಎಲ್ಲಿ ಭಾಷಣದ ದನಿಯಾಗುತ್ತದೋ ಅಲ್ಲಿ ಎರಡು ಗುರುತು ಹಾಕಿ.

ನನ್ನದೇ ಒಂದು ಸಾಲು ತೋರಿಸುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದದ್ದು:

"ನಿಶೆಯ ನೀರವ ಮೌನದಲ್ಲಿ ರೇಷ್ಮೆ ಹುಳುಗಳ ಸದ್ದು ಅವನ ಅಂತರಂಗವನ್ನು ಮುದಗೊಳಿಸಿತು."

ಗಟ್ಟಿಯಾಗಿ ಓದಿ ನೋಡಿ. ನಮ್ಮೂರಲ್ಲಿ ಯಾರೂ ನಿಶೆ ಅನ್ನುವುದಿಲ್ಲ. ನೀರವ ಅಂದರೂ ಸದ್ದಿಲ್ಲದ್ದೇ, ಮೌನ ಅಂದರೂ ಅದೇ. ಮುದಗೊಳಿಸಿತು ಅಂದದ್ದರಿಂದ ಓದುವವರಿಗೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಆ ಸದ್ದು ಹೇಗಿತ್ತು ಅಂತಲೇ ನಾನು ಹೇಳಿರಲಿಲ್ಲ. ತಿದ್ದಿದ ಮೇಲೆ ಅದು ಹೀಗಾಯಿತು:

"ಮಳೆ ಹಿಡಿದ ಹಾಗಿತ್ತು. ಒಣಗಲು ಹಾಕಿದ ರಾಗಿ ನೆನೆಯುತ್ತದೆ ಅಂತ ಎದ್ದು ಹೊರಗೆ ಓಡಿದ. ಅಂಗಳ ಒಣಗಿತ್ತು, ಮೇಲೆ ನಕ್ಷತ್ರ. ಮಳೆ ಮನೆ ಒಳಗೆ. ಹುಳ ಸೊಪ್ಪು ತಿನ್ನುತ್ತಿದ್ದವು."

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ನಾನು ಹೊಸದಾಗಿ ಏನನ್ನೂ ಕಟ್ಟಲಿಲ್ಲ. ಹುಳದ ಮನೆಯಲ್ಲಿ ಮಲಗಿದ ಯಾರನ್ನು ಕೇಳಿದರೂ ಮಳೆಯ ಸದ್ದು ಅಂತಲೇ ಹೇಳುತ್ತಾರೆ. ನಾನು ಆ ಮನೆಯಲ್ಲೇ ಹುಟ್ಟಿದವನು. ಆದರೂ ಪುಸ್ತಕದ ಕನ್ನಡ ಬರೆಯುವ ಆಸೆಯಲ್ಲಿ ಅದನ್ನು ಮರೆತಿದ್ದೆ.

ಆಡುಮಾತು ಎಷ್ಟು ಹಾಕಬೇಕು ಅಂತ ಜಾಸ್ತಿ ಜನ ಕೇಳುತ್ತಾರೆ. ಸಂಭಾಷಣೆಯಲ್ಲಿ ಧಾರಾಳವಾಗಿ ಹಾಕಿ, ಆದರೆ ಬೀದರಿನವರಿಗೂ ಅರ್ಥವಾಗುವ ಹಾಗೆ ಸುತ್ತಲಿನ ಸಾಲು ಇರಲಿ. ತೆಲುಗು ಮಾತು ಬಂದರೆ ಆವರಣದಲ್ಲಿ ಅರ್ಥ ಕೊಡಬೇಡಿ, ಎದುರಿಗಿದ್ದವರ ಉತ್ತರದಲ್ಲೇ ಅರ್ಥ ತಿಳಿಯಲಿ. ನಿರೂಪಣೆಯನ್ನು ಯಾವ ಕನ್ನಡದಲ್ಲಿ ಇಡಬೇಕು ಅನ್ನುವುದನ್ನು ಕಥೆ ಹೇಳುವವರು ಯಾರು ಅನ್ನುವುದರ ಮೇಲೆ ತೀರ್ಮಾನಿಸಿ. ತೀರ್ಮಾನಿಸಿದ ಮೇಲೆ ನಡುವೆ ಬದಲಾಯಿಸಬೇಡಿ.

ಯಾರಿಗೆ ಓದಿ ಹೇಳಬೇಕು

ಮನೆಯವರು ಚೆನ್ನಾಗಿದೆ ಅನ್ನುತ್ತಾರೆ. ಅದು ಪ್ರೀತಿ, ವಿಮರ್ಶೆಯಲ್ಲ. ನಿಮಗೆ ಬೇಕಿರುವುದು ಇಬ್ಬರು. ಒಬ್ಬರು ನಿಮ್ಮ ಹಾಗೇ ಬರೆಯುವವರು. ಇನ್ನೊಬ್ಬರು ಸಾಹಿತ್ಯದ ಗಾಳಿ ಇಲ್ಲದವರು, ಆದರೆ ಕಥೆಯೊಳಗಿನ ಕೆಲಸ ಬಲ್ಲವರು. ಗಣಿಯ ಕಥೆಯಾದರೆ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚುವವರೆಗೆ ಒಳಗಿಳಿದು ದುಡಿದವರು. ಹೂವಿನ ಕಥೆಯಾದರೆ ಚಿಕ್ಕಬಳ್ಳಾಪುರದ ಹೂವಿನ ಮಂಡಿಯವರು. ಅವರ ಮುಂದೆ ಕೂತು ಓದಿ. "ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. "ಎಲ್ಲಿ ಬೇಜಾರಾಯ್ತು? ಎಲ್ಲಿ ಇದು ಸುಳ್ಳು ಅನ್ನಿಸ್ತು?" ಅಂತ ಕೇಳಿ. ಉತ್ತರ ಬಂದಾಗ ವಾದ ಮಾಡದೆ ಬರೆದುಕೊಳ್ಳಿ.

ಜಾಗ ಬೇಕಾದರೆ ಹುಡುಕಿದರೆ ಸಿಗುತ್ತದೆ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ಕೇಳಲು ಜನ ಕಲ್ಲಿನ ಮೇಲೆ ಕೂತದ್ದು ಈ ಸೀಮೆಯವರಿಗೆಲ್ಲ ಗೊತ್ತು. ಅಷ್ಟು ದೊಡ್ಡದೇ ಬೇಕಿಲ್ಲ. ತಿಂಗಳಿಗೊಮ್ಮೆ ನಾಲ್ಕು ಜನ ಶಾಲೆಯ ಜಗುಲಿಯಲ್ಲಿ ಸೇರಿದರೆ ಸಾಕು. ಒಬ್ಬರು ಓದಬೇಕು, ಮೂವರು ಕೇಳಬೇಕು. ಹಾರ, ಶಾಲು, ಅಧ್ಯಕ್ಷರ ಭಾಷಣ ಬೇಡ.

ಕಳಿಸುವುದು

ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ನುಡಿ, ಬರಹ ಫಾಂಟಿನ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಕಲಸುಮೇಲೋಗರವಾಗಿ ಕಾಣಬಹುದು. ಸಂಪಾದಕರು ಅದನ್ನು ಸರಿಮಾಡುತ್ತಾ ಕೂರುವುದಿಲ್ಲ. ಕಥೆಯ ಕೊನೆಯಲ್ಲಿ ಹೆಸರು, ವಿಳಾಸ, ಫೋನ್ ನಂಬರ್, "ಇದು ನನ್ನ ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ" ಅನ್ನುವ ಸಾಲು ಇರಲಿ.

ಸುಧಾ, ಮಯೂರ, ತರಂಗ, ತುಷಾರ, ದಿನಪತ್ರಿಕೆಗಳ ಭಾನುವಾರದ ಪುರವಣಿ, ದೀಪಾವಳಿ ವಿಶೇಷಾಂಕ, ಹೀಗೆ ಬಾಗಿಲುಗಳಿವೆ. ಕಳಿಸುವ ಮುಂಚೆ ಆ ಪತ್ರಿಕೆಯ ನಾಲ್ಕು ಸಂಚಿಕೆ ಓದಿ. ಪದಮಿತಿ ಎಷ್ಟು ಅಂತ ನೋಡಿ. ಎರಡು ಸಾವಿರ ಪದ ಕೇಳಿದ ಕಡೆ ಐದು ಸಾವಿರ ಕಳಿಸಿದರೆ ಓದುವ ಮುಂಚೆಯೇ ಪಕ್ಕಕ್ಕೆ ಹೋಗುತ್ತದೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥದ್ದಕ್ಕೆ ಕಳಿಸುವವರು ಹಿಂದಿನ ವರ್ಷಗಳ ಬಹುಮಾನಿತ ಕಥೆಗಳನ್ನು ಹುಡುಕಿ ಓದಿ. ಅವುಗಳ ಹಾಗೆ ಬರೆಯಲು ಅಲ್ಲ. ಓದುಗರು ಈಗಾಗಲೇ ಏನೇನು ನೋಡಿದ್ದಾರೆ ಅಂತ ತಿಳಿಯಲು.

ಒಂದು ಕಥೆ ಒಂದು ಸಲಕ್ಕೆ ಒಂದೇ ಕಡೆ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಕಥೆ, ಎಲ್ಲಿಗೆ, ಯಾವ ತಾರೀಕು ಅಂತ ಬರೆದಿಡಿ. ಮೂರು ತಿಂಗಳು ಕಾಯಿರಿ, ಒಂದು ಸಲ ವಿನಯವಾಗಿ ವಿಚಾರಿಸಿ. ಉತ್ತರ ಬರದಿದ್ದರೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಒಂದು ಸಾಲು ಬರೆದು ಬೇರೆ ಕಡೆ ಕಳಿಸಿ. ನನ್ನ ಮೊದಲ ಏಳು ಕಥೆ ವಾಪಸ್ ಬಂದವು. ಆಮೇಲೆ ಪ್ರಕಟವಾದದ್ದು ಎಂಟನೆಯದಲ್ಲ. ವಾಪಸ್ ಬಂದ ಮೂರನೆಯದೇ, ಮಳೆ ಸದ್ದಿನ ಆ ಸಾಲು ತಿದ್ದಿದ ಮೇಲೆ. ಕಥೆ ವಾಪಸ್ ಬಂದರೆ ಅವತ್ತು ಬೇಜಾರು ಮಾಡಿಕೊಳ್ಳಿ, ತಪ್ಪೇನಿಲ್ಲ. ನಾಳೆ ಮತ್ತೆ ಅರ್ಧ ಗಂಟೆಗೆ ಕೂತುಕೊಳ್ಳಿ.

ಪುಸ್ತಕ, ಮತ್ತೆ ಸಹಿ ಹಾಕುವ ಕಾಗದ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಾನು ಇಲ್ಲಿ ಕಳೆದುಕೊಂಡಿದ್ದೇನೆ, ನೀವು ಕಳೆದುಕೊಳ್ಳಬಾರದು.

ಕನ್ನಡದ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯವು. ಹದಿನಾರು ಪುಟಕ್ಕೆ ಒಂದು ಫಾರಂ. 128 ಪುಟದ ಪುಸ್ತಕ ಅಂದರೆ ಎಂಟು ಫಾರಂ. ಅಕ್ಷರದ ಗಾತ್ರ ನೋಡಿಕೊಂಡು ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. ಹತ್ತು ಹನ್ನೆರಡು ಒಳ್ಳೆಯ ಕಥೆ ಇದ್ದರೆ ಒಂದು ಸಂಕಲನ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಆಸುಪಾಸು. 150 ರೂಪಾಯಿಯ ಪುಸ್ತಕ 500 ಪ್ರತಿ ಮಾರಾಟವಾದರೆ ನಿಮಗೆ 7,500 ರೂಪಾಯಿ. ಈ ಲೆಕ್ಕ ಮೊದಲೇ ಗೊತ್ತಿರಲಿ. ಹಲವರು ದುಡ್ಡಿನ ಬದಲು ಪ್ರತಿಗಳನ್ನು ಕೊಡುತ್ತಾರೆ. ಎಷ್ಟು ಪ್ರತಿ ಅನ್ನುವುದು ಕಾಗದದಲ್ಲಿರಬೇಕು.

ನನ್ನ ಮೊದಲ ಪುಸ್ತಕಕ್ಕೆ ಒಬ್ಬ ಪ್ರಕಾಶಕರು ನನ್ನಿಂದಲೇ ದುಡ್ಡು ತೆಗೆದುಕೊಂಡರು. ಎರಡು ಬೆಳೆ ಗೂಡಿನ ದುಡ್ಡು ಅದು. ಸಾವಿರ ಪ್ರತಿ ಅಂದರು, ಮುನ್ನೂರು ಕೊಟ್ಟರು. ಉಳಿದವು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಸಹಿ ಹಾಕಿದ ಕಾಗದದಲ್ಲಿ ಒಂದೇ ಸಾಲು: "ಎಲ್ಲ ಹಕ್ಕುಗಳೂ ಪ್ರಕಾಶಕರವು." ನನ್ನ ಕಥೆ ನನ್ನದಲ್ಲ ಅಂದುಕೊಂಡು ವರ್ಷಗಟ್ಟಲೆ ಕೊರಗಿದೆ. ಆಮೇಲೆ ಪರಿಚಯದ ವಕೀಲರೊಬ್ಬರು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ತೆಗೆದು ಓದಿ ಹೇಳಿದರು. ಹಕ್ಕು ವಹಿಸಿಕೊಡುವ ಕಾಗದದಲ್ಲಿ ಅವಧಿ ಬರೆದಿರದಿದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಕಾಗದದಲ್ಲಿ ಬೇರೆ ಥರ ಹೇಳದೇ ಇದ್ದರೆ, ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೂ ಅದು ವಾಪಸ್ ಬರುತ್ತದೆ. ನನ್ನ ಐದು ವರ್ಷ ಆಗಲೇ ಮುಗಿದಿತ್ತು. ಕಥೆ ನನ್ನ ಕೈಗೆ ಬಂದಿತ್ತು, ನನಗೇ ಗೊತ್ತಿರಲಿಲ್ಲ.

ಹಾಗಾಗಿ ಸಹಿ ಹಾಕುವ ಮುಂಚೆ ಇಷ್ಟು ನೋಡಿ. ಯಾವ ಕೃತಿ, ಎಷ್ಟು ವರ್ಷ, ಯಾವ ಹಕ್ಕು. ಮುದ್ರಣದ ಹಕ್ಕು ಕೊಟ್ಟ ಮಾತ್ರಕ್ಕೆ ಅನುವಾದ, ಧ್ವನಿಪುಸ್ತಕ, ಸಿನಿಮಾ ಹಕ್ಕನ್ನೂ ಕೊಡಬೇಕಿಲ್ಲ. ಎಷ್ಟು ಪ್ರತಿ, ಗೌರವಧನ ಎಷ್ಟು, ವರ್ಷದ ಯಾವ ತಿಂಗಳಲ್ಲಿ ಲೆಕ್ಕ. "ನಮ್ಮ ನಡುವೆ ಕಾಗದ ಯಾಕೆ?" ಅನ್ನುವವರ ಹತ್ತಿರ ಕಾಗದ ಖಂಡಿತ ಬೇಕು. ನೆನಪಿಡಿ, ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ನಿಮ್ಮದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ನೀವು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ಅಂದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ.

ಸ್ವಂತ ದುಡ್ಡು ಹಾಕುವ ಮುಂಚೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆ ಗಮನಿಸಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಬರುತ್ತದೆ, ವಯಸ್ಸಿನ ಮಿತಿ, ಕೊನೆಯ ದಿನಾಂಕ ಅದರಲ್ಲೇ ನೋಡಿಕೊಳ್ಳಿ. ಹಸ್ತಪ್ರತಿ ಸಿದ್ಧವಾಗಿರಲಿ. ಅರ್ಜಿ ಕರೆದ ಮೇಲೆ ಬರೆಯಲು ಕೂತರೆ ಆಗುವುದಿಲ್ಲ. ದೊಡ್ಡವರ ಮುನ್ನುಡಿಗಾಗಿ ವರ್ಷ ಕಾಯುವುದೂ ಬೇಡ. ಮುನ್ನುಡಿ ಇಲ್ಲದ ಪುಸ್ತಕವನ್ನು ಯಾರೂ ಕೆಳಗೆ ಇಡುವುದಿಲ್ಲ.

ಹೊಟ್ಟೆಪಾಡು

ಕಥೆಯೊಂದರಿಂದಲೇ ಜೀವನ ನಡೆಯುವುದು ಕಷ್ಟ. ಕೆಲಸ ಬಿಡಬೇಡಿ. ಆದರೆ ಬರವಣಿಗೆಯ ಸುತ್ತ ದುಡಿಮೆ ಇದೆ. ತೆಲುಗು ಬಲ್ಲ ನಮ್ಮವರಿಗೆ ಅನುವಾದ ತೆರೆದ ಬಾಗಿಲು. ಒಂದು ಸಣ್ಣಕಥೆಯಿಂದ ಶುರು ಮಾಡಿ. ಮೊದಲು ಮೂಲ ಲೇಖಕರ ಅಥವಾ ಹಕ್ಕು ಇರುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪಿಗೆಯಿಲ್ಲದ ಅನುವಾದವನ್ನು ಒಳ್ಳೆಯ ಸಂಪಾದಕರು ಮುಟ್ಟುವುದಿಲ್ಲ. ಡಬ್ಬಿಂಗ್ ಸಂಭಾಷಣೆ, ಧಾರಾವಾಹಿ, ಆಕಾಶವಾಣಿ, ಕರಡು ತಿದ್ದುವುದು, ಇವೆಲ್ಲ ಕೈ ಪಳಗಿಸುವ ಕೆಲಸಗಳೇ. ಯಾವುದನ್ನೂ ಕೀಳು ಅಂದುಕೊಳ್ಳಬೇಡಿ. ಡಬ್ಬಿಂಗ್ ಬರೆದವರಿಗೆ ಒಂದು ಮಾತು ಎಷ್ಟು ಚಿಕ್ಕದಾಗಿ ಮುಗಿಯಬಹುದು ಅಂತ ಗೊತ್ತಿರುತ್ತದೆ.

ಪುಸ್ತಕ ಬಂದ ಮೇಲೆ

ಬಿಡುಗಡೆಗೆ ಇಟ್ಟ ದುಡ್ಡಿನಲ್ಲಿ ಅರ್ಧ ಉಳಿಸಿ. ಆ ದುಡ್ಡಿನ ಪ್ರತಿಗಳನ್ನು ಓದುವ ಕೈಗಳಿಗೆ ಕೊಡಿ. ವಿಮರ್ಶೆ ಬರೆಯುವ ನಾಲ್ಕು ಜನ, ತಾಲ್ಲೂಕಿನ ಕಾಲೇಜುಗಳ ಕನ್ನಡ ಅಧ್ಯಾಪಕರು, ಸುತ್ತಲಿನ ಹತ್ತು ಪಂಚಾಯಿತಿಗಳ ಗ್ರಂಥಾಲಯ. ಪುಸ್ತಕದ ಜೊತೆ ಫೋನ್ ನಂಬರ್ ಇರಲಿ, ಓದಿದವರು ಮಾತಾಡುತ್ತಾರೆ.

ನಮ್ಮೂರಿನ ಗ್ರಂಥಾಲಯಕ್ಕೆ ಕೊಟ್ಟ ಎರಡು ಪ್ರತಿಯಲ್ಲಿ ಒಂದರ ರಟ್ಟು ಕಿತ್ತುಹೋಗಿದೆ. ಹೋದ ವರ್ಷ ಸುಮ್ನೆ ತೆರೆದು ನೋಡಿದೆ. ಮಳೆಯ ಸದ್ದು ಬರುವ ಪುಟದಲ್ಲಿ "ಮೂರನೇ ಜ್ವರ ಎದ್ದ ರಾತ್ರಿ" ಅಂತ ನಾನು ಬರೆದಿದ್ದೆ. ಯಾರೋ ಪೆನ್ಸಿಲಿನಲ್ಲಿ "ಮೂರನೇ" ಹೊಡೆದುಹಾಕಿ, ಅಂಚಿನಲ್ಲಿ ಬರೆದಿದ್ದರು: "ಅಷ್ಟು ಸದ್ದು ನಾಲ್ಕನೇ ಜ್ವರ ಎದ್ದಮೇಲೇ." ನಿಜ. ಆ ಪುಟದ ಫೋಟೊ ತೆಗೆದುಕೊಂಡು ಬಂದೆ. ಎರಡನೇ ಮುದ್ರಣದ ಕರಡಿನಲ್ಲಿ ಈಗ ನಾಲ್ಕನೇ ಅಂತ ಇದೆ.